ತಾನಾಗಿ ಬೇಯುವ ಅಡುಗೆ

ಅಚ್ಚುಮನೆಯಲ್ಲಿ ದೊಡ್ಡ ಯಂತ್ರ ನಡೆಸುತ್ತಿದ್ದವನ ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು ಕೂತಿರುತ್ತಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಹಾಗಾಗಿ ಜೊತೆಗಾರರೆಲ್ಲ ಅವನನ್ನು ಮಸಿಯಣ್ಣ ಎಂದೇ ಕರೆಯುತ್ತಿದ್ದರು. ಅಚ್ಚುಮನೆ ಮುಚ್ಚಿ ಕೆಲವೇ ವಾರಗಳಲ್ಲಿ ಉಗುರು ತಾನಾಗಿ ಬೆಳ್ಳಗಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು.

ಅದೇ ಹೊತ್ತಿಗೆ ಅವನ ಮಾವನಿಗೆ ಲಕ್ವ ಹೊಡೆಯಿತು. ಮಾವ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೂ ಒಬ್ಬರೇ ಅಡುಗೆ ಮಾಡಿಕೊಂಡು, ಒಬ್ಬರೇ ಬಟ್ಟೆ ಒಗೆದುಕೊಂಡು, ಯಾರ ಹಂಗೂ ಇಲ್ಲದೆ ಇದ್ದರು. ಈಗ ಬಲಗೈ, ಬಲಗಾಲು ಎರಡೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ನಾಲಿಗೆಯ ಚುರುಕು ಹೋಗಿರಲಿಲ್ಲ. ಆಸ್ಪತ್ರೆಯಿಂದ ಅವರನ್ನು ನೇರವಾಗಿ ಮಗಳ ಮನೆಗೇ ಕರೆತಂದರು.

ಮಗಳು ಬಸ್ ಡಿಪೋದಲ್ಲಿ ಕೆಲಸ ಮಾಡುತ್ತಿದ್ದಳು. ಯಾವ ಬಸ್ಸಿಗೆ ಯಾವ ಚಾಲಕ, ಯಾರಿಗೆ ಯಾವ ಪಾಳಿ ಎಂದು ಹಂಚುವ ಕೆಲಸ. ಬೆಳಿಗ್ಗೆ ಬೇಗ ಹೋದರೆ ಬರುವಾಗ ಸಂಜೆ. ಈಗ ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಿಂದಲೇ.

"ನೀವು ಹೇಗೂ ಮನೇಲೇ ಇರ್ತೀರಲ್ಲ, ಅಪ್ಪನ್ನ ನೋಡ್ಕೋತೀರಾ?" ಎಂದು ಅವಳು ಕೇಳಿದಾಗ ಮಸಿಯಣ್ಣನಿಗೆ ಆ 'ಹೇಗೂ' ಎಂಬ ಮಾತು ಚುಚ್ಚಿತು. ಆದರೂ, "ಇದನ್ನ ಕೇಳ್ಬೇಕಾ? ಅವರು ನನಗೂ ಅಪ್ಪನೇ ತಾನೆ" ಎಂದ. ಹೇಳುವಾಗ ಅದು ಸುಳ್ಳಾಗಿರಲಿಲ್ಲ.

ಅಡುಗೆ ಅವನಿಗೆ ಬರುತ್ತಿರಲಿಲ್ಲ. ಅದಕ್ಕೆಂದೇ ಅವಳು ಒಂದು ಸ್ಲೋ ಕುಕ್ಕರ್ ತಂದಳು. ಹೊಟ್ಟೆ ಉಬ್ಬಿದ ಪಿಂಗಾಣಿ ಪಾತ್ರೆ, ಗಾಜಿನ ಮುಚ್ಚಳ, ಮುಂದುಗಡೆ ಒಂದೇ ಒಂದು ಗುಂಡಿ. ಬೆಳಿಗ್ಗೆ ಮಾಂಸ, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಹೆಚ್ಚಿ ಹಾಕಿ, ಉಪ್ಪು, ನೀರು ಬೆರೆಸಿ, ಗುಂಡಿ ಒತ್ತಿದರೆ ಸಂಜೆ ಹೊತ್ತಿಗೆ ಊಟ ಸಿದ್ಧ.

"ಮುಚ್ಚಳ ತೆಗೀಬೇಡಿ, ಸೌಟು ಆಡಿಸಬೇಡಿ. ಅದರ ಪಾಡಿಗೆ ಅದನ್ನ ಬಿಟ್ಟುಬಿಡಿ" ಎಂದು ಅವಳು ಹೇಳಿಕೊಟ್ಟಳು.

ಮಾವ ಕುರ್ಚಿಯಲ್ಲಿ ಕೂತು ಅದನ್ನೇ ನೋಡಿದರು. "ಭಲೇ! ಇವನ ಹಾಗೆ ನಿಧಾನಕ್ಕೆ ಕೆಲಸ ಮಾಡಿದ್ರೆ ಬಂದರಲ್ಲಿ ನಮ್ಮನ್ನ ಓಡಿಸ್ತಿದ್ರು" ಎಂದು ನಕ್ಕರು. ಅಂದಿನಿಂದ ಅದಕ್ಕೆ ನಿಧಾನಪ್ಪ ಎಂಬ ಹೆಸರು ಬಿತ್ತು.

ಮೊದಮೊದಲು ಮಸಿಯಣ್ಣ ನಿಯತ್ತಾಗಿಯೇ ಇದ್ದ. ಮಾವನ ಮುಖ ತೊಳೆಸಿ, ಗಡ್ಡ ಹೆರೆದು, ಗೋಡೆ ಹಿಡಿಸಿ ಬಚ್ಚಲಿಗೆ ನಡೆಸಿ, ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಆದರೆ ಅದೆಲ್ಲ ಮುಗಿದ ಮೇಲೆ ಉಳಿಯುತ್ತಿದ್ದ ಹಗಲು ಬಲು ಉದ್ದವಾಗಿತ್ತು. ಅಡುಗೆಮನೆಯಲ್ಲಿ ಮಾಡಲು ಕೆಲಸವಿಲ್ಲ; ಅದು ತಾನಾಗಿ ಬೇಯುತ್ತಿತ್ತು. ಮಾವ ರೇಡಿಯೋ ಕೇಳುತ್ತಾ ತೂಕಡಿಸುತ್ತಿದ್ದರು. ಅವನು ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದ. ಕೆಳಗೆ ರಸ್ತೆಯಲ್ಲಿ ಗಂಡಸರು ಕೆಲಸಕ್ಕೆ ಹೋಗುವುದು ಕಂಡರೆ ಕಿಟಕಿಯ ಪರದೆ ಎಳೆದುಬಿಡುತ್ತಿದ್ದ.

ಒಂದು ದಿನ ಬ್ರೆಡ್ ತರಲು ಇಳಿದವನಿಗೆ ಲಂಬು ಸಿಕ್ಕಿದ. ಅಚ್ಚುಮನೆಯಲ್ಲಿ ಕಾಗದ ಕತ್ತರಿಸುತ್ತಿದ್ದ ಉದ್ದನೆಯ ಮನುಷ್ಯ. ಕೆಲಸ ಕಳೆದುಕೊಂಡ ಹಳಬರೆಲ್ಲ ಅವನ ಭಾವನ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಸೇರಿ ಇಸ್ಪೀಟು ಆಡುತ್ತಾರಂತೆ. "ಬಾರೋ ಮಸಿ, ಒಂದಾಟ ಆಡಿ ಹೋಗುವಿಯಂತೆ" ಎಂದ. ಮಸಿಯಣ್ಣ ಹೋದ. ಕೋಣೆಯೊಳಗೆ ಕಾಲಿಟ್ಟ ಕೂಡಲೇ ಎಲ್ಲರೂ, "ಓಹೋ, ಬಂದ ನೋಡಪ್ಪ ದೊಡ್ಡ ಯಂತ್ರದವನು!" ಎಂದು ಕೂಗಿದರು. ಬಹಳ ದಿನಗಳ ನಂತರ ಅವನಿಗೆ ತಾನೂ ಲೆಕ್ಕಕ್ಕಿರುವ ಮನುಷ್ಯ ಎನ್ನಿಸಿತು.

ಒಂದಾಟ ಎರಡಾಯಿತು. ಮರುದಿನ ಮತ್ತೆ ಹೋದ. ಒಂದು ಗಂಟೆಯೆಂದು ಶುರುವಾದದ್ದು ಮಧ್ಯಾಹ್ನದವರೆಗೆ, ಆಮೇಲೆ ದಿನಪೂರ್ತಿಗೆ ಬೆಳೆಯಿತು. ಮಾವನ ಕುರ್ಚಿಯ ಪಕ್ಕದ ಮೇಜಿನ ಮೇಲೆ ನೀರು, ಮಾತ್ರೆ, ತಟ್ಟೆ ಮುಚ್ಚಿದ ಮಧ್ಯಾಹ್ನದ ಊಟ, ಕೆಳಗೆ ಮೂತ್ರದ ಬಾಟಲಿ, ಎಲ್ಲವನ್ನೂ ಕೈಗೆ ಸಿಗುವ ಹಾಗೆ ಜೋಡಿಸಿಡುತ್ತಿದ್ದ. ಮಾವ ತೂಕಡಿಸಲು ಶುರುಮಾಡಿದ ಮೇಲೆ ಹೊರಡುತ್ತಿದ್ದ. ಹೆಂಡತಿ ಬರುವುದಕ್ಕೆ ಸ್ವಲ್ಪ ಮೊದಲು ವಾಪಸಾಗುತ್ತಿದ್ದ. "ಮಾವನ್ನ ಯಾರೋ ನೋಡ್ಕೊಳ್ಳೋದು?" ಎಂದು ಲಂಬು ಒಮ್ಮೆ ಕೇಳಿದ್ದಕ್ಕೆ, "ನರ್ಸ್ ಇಟ್ಟಿದ್ದೀವಿ" ಎಂದುಬಿಟ್ಟ. ಬಾಯಿಂದ ಬಿದ್ದ ಮಾತನ್ನು ಮತ್ತೆ ಹೆಕ್ಕಿಕೊಳ್ಳಲು ಆಗಲಿಲ್ಲ.

ಸಂಜೆ ಹೆಂಡತಿ ಬಾಗಿಲು ತೆಗೆದೊಡನೆ ಮನೆ ತುಂಬ ಬೆಂದ ಮಾಂಸದ, ಈರುಳ್ಳಿಯ ಘಮ ಇರುತ್ತಿತ್ತು. ಅವಳು ಚಪ್ಪಲಿ ಬಿಡುತ್ತಾ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದಳು.

"ಮೆಟ್ಟಿಲ ಹತ್ರಾನೇ ಮೂಗಿಗೆ ಬಡೀತು. ಡಿಪೋದಲ್ಲಿ ಎಲ್ಲರಿಗೂ ಹೇಳ್ತೀನಿ, ನಮ್ಮನೆಯವರು ದಿನವೆಲ್ಲ ಮನೇಲಿದ್ದು ಎಲ್ಲ ನೋಡ್ಕೋತಾರೆ ಅಂತ. ಎಷ್ಟು ನಿರಾಳ ಗೊತ್ತಾ ನನಗೆ?"

ಅವನು ತಲೆತಗ್ಗಿಸಿ ಬ್ರೆಡ್ ಕತ್ತರಿಸುತ್ತಿದ್ದ. ಮಾವ ಎಡಗೈಯಲ್ಲಿ ಚಮಚ ಹಿಡಿದು, ಬಾಯ ಒಂದು ಕಡೆಯಿಂದ ಮೆಲ್ಲಗೆ ಅಗಿಯುತ್ತಾ, "ನಿಧಾನಪ್ಪ ಇವತ್ತು ಚೆನ್ನಾಗಿ ಬೇಯಿಸಿದಾನೆ" ಎನ್ನುತ್ತಿದ್ದರು. ಅಷ್ಟೇ. ಅದು ಹೊಗಳಿಕೆಯೋ ಕುಟುಕೋ ಮಸಿಯಣ್ಣನಿಗೆ ಗೊತ್ತಾಗುತ್ತಿರಲಿಲ್ಲ. ಮುಖ ನೋಡಿ ತಿಳಿದುಕೊಳ್ಳೋಣವೆಂದರೆ ನೋಡುವ ಧೈರ್ಯವಿರಲಿಲ್ಲ. ನಾಳೆಯಿಂದ ಹೋಗಬಾರದು ಎಂದು ಹಾಸಿಗೆಯಲ್ಲಿ ನಿಶ್ಚಯಿಸುತ್ತಿದ್ದ. ಬೆಳಿಗ್ಗೆ ಮತ್ತೆ ತರಕಾರಿ ಹೆಚ್ಚುತ್ತಿದ್ದ, ಗುಂಡಿ ಒತ್ತುತ್ತಿದ್ದ, ಹೊರಡುತ್ತಿದ್ದ.

ಆ ದಿನ ಬೆಳಿಗ್ಗೆ ಅವನಿಗೆ ಅವಸರ. ಹಿಂದಿನ ದಿನ ಅರ್ಧಕ್ಕೆ ನಿಂತ ಆಟ ಮುಂದುವರಿಯಬೇಕಿತ್ತು. ಹೆಚ್ಚಿದ್ದನ್ನೆಲ್ಲ ಪಾತ್ರೆಗೆ ಸುರಿದ, ಮುಚ್ಚಳ ಹಾಕಿದ, ಮಾವನ ಮೇಜು ಜೋಡಿಸಿದ, ಹೊರಟ. ಅಂದು ಆಟ ಗೆದ್ದ. ಸಿಳ್ಳೆ ಹಾಕುತ್ತಲೇ ಮನೆ ಮೆಟ್ಟಿಲು ಹತ್ತಿದ.

ಬಾಗಿಲು ತೆಗೆದರೆ ಕುರ್ಚಿ ಖಾಲಿ. ಊಟದ ತಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ರೇಡಿಯೋ ಒಬ್ಬಂಟಿಯಾಗಿ ಮಾತಾಡುತ್ತಿತ್ತು.

ಮಾವ ಅಡುಗೆಮನೆಯ ನೆಲದ ಮೇಲೆ, ಫ್ರಿಜ್ಜಿಗೂ ಕಟ್ಟೆಗೂ ನಡುವೆ ಬಿದ್ದಿದ್ದರು. ಕುರ್ಚಿಗೆ ಆನಿಸಿಟ್ಟಿರುತ್ತಿದ್ದ ಊರುಗೋಲು ದೂರಕ್ಕೆ ಉರುಳಿತ್ತು. ಎಡಗೈ ಮೈಯಡಿ ಸಿಕ್ಕಿಕೊಂಡಿತ್ತು. ಪಂಚೆ ಒದ್ದೆಯಾಗಿ ಒಣಗಲು ಶುರುವಾಗಿತ್ತು. ಕಣ್ಣು ಮಾತ್ರ ತೆರೆದೇ ಇತ್ತು.

"ಬಂದ್ರಾ ಅಳಿಯಂದ್ರೇ?" ಎಂದರು, ಬಾಗಿಲ ಬಳಿ ಕಾದು ನಿಂತವರ ಹಾಗೆ. "ಒಂಚೂರು ನೀರು ಕೊಡಿ."

ಮಸಿಯಣ್ಣ ಲೋಟದಲ್ಲಿ ನೀರು ಹಿಡಿದು ತಂದ. ಮಂಡಿಯೂರಿ ಅವರ ತಲೆ ಎತ್ತಿ ನೀರು ಕುಡಿಸಿದ. ಅರ್ಧ ನೀರು ಗದ್ದದಿಂದ ಇಳಿಯಿತು.

"ಇಲ್ಲಿಗೆ ಯಾಕೆ ಬಂದ್ರಿ ಮಾವ? ಏನು ಬೇಕಾಗಿತ್ತು?"

"ನನಗೇನೂ ಬೇಕಿರಲಿಲ್ಲ. ನಿಧಾನಪ್ಪ ಮಲಗಿಬಿಟ್ಟಿದ್ದ. ಮಧ್ಯಾಹ್ನ ಆದ್ರೂ ವಾಸನೇನೇ ಇಲ್ಲ. ಗುಂಡಿ ಒತ್ತೋದು ಮರೆತು ಹೋಗಿದ್ರಿ ನೀವು." ಉಸಿರು ತೆಗೆದುಕೊಂಡು ಮುಂದುವರಿಸಿದರು. "ಸಂಜೆ ಅವಳು ಬಂದು ಮುಚ್ಚಳ ತೆಗೆದ್ರೆ ಹಸಿ ಮಾಂಸ. ದಿನವೆಲ್ಲ ಎಲ್ಲಿದ್ರಿ ಅಂತ ಕೇಳೋಲ್ವಾ? ಅದಕ್ಕೇ ಎಬ್ಬಿಸೋಣ ಅಂತ ಬಂದೆ. ಒತ್ತಿದೆ. ತಿರುಗೋವಾಗ ಈ ಕಾಲು ಕೈಕೊಡ್ತು."

ಮಸಿಯಣ್ಣ ತಲೆಯೆತ್ತಿ ನೋಡಿದ. ಕಟ್ಟೆಯ ಮೇಲೆ ಕುಕ್ಕರಿನ ಕೆಂಪು ದೀಪ ಉರಿಯುತ್ತಿತ್ತು. ಮುಚ್ಚಳದೊಳಗೆ ತೆಳ್ಳಗೆ ಹಬೆ ಕಟ್ಟಿತ್ತು. ಅವನಿಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

"ಅವಳು ಬರೋದ್ರೊಳಗೆ ಪಂಚೆ ಬದಲಾಯಿಸಿಬಿಡಿ" ಎಂದರು ಮಾವ, ಮುಖ ಆ ಕಡೆಗೆ ತಿರುಗಿಸಿ. "ಮಗಳು ನೋಡೋದು ಬೇಡ."

ಬದಲಾಯಿಸಿದ. ಎತ್ತಿ ಕೂರಿಸುವಾಗ ಎಡಗೈ ಸೋಕಿದ್ದಕ್ಕೇ ಮಾವ ಹಲ್ಲು ಕಚ್ಚಿದರು. ಮಣಿಕಟ್ಟು ಊದಿಕೊಂಡಿತ್ತು. ಇರುವುದೊಂದೇ ಒಳ್ಳೆಯ ಕೈ. ಅಷ್ಟರಲ್ಲಿ ಬಾಗಿಲಲ್ಲಿ ಬೀಗದ ಕೈ ಸದ್ದಾಯಿತು.

"ಅಪ್ಪಾ! ಏನಾಯ್ತು?"

ಮಸಿಯಣ್ಣ ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು, "ಈಗ ತಾನೇ ಬಿದ್ದೆ ಕಣಮ್ಮಾ. ಅಳಿಯಂದ್ರು ಕೆಳಗೆ ಔಷಧಿ ಅಂಗಡಿಗೆ ಹೋಗಿದ್ರು. ನಾನೇ ಸುಮ್ಮನಿರಲಾರದೆ ಎದ್ದೆ."

ಆ ಕ್ಷಣದಲ್ಲಿ ಅವನು ನಿಜ ಹೇಳಬಹುದಿತ್ತು. ಹೇಳಲಿಲ್ಲ. "ಮೊದಲು ಆಸ್ಪತ್ರೆಗೆ ಹೋಗೋಣ" ಎಂದ. ಅದು ಸರಿಯಾದ ಮಾತೇ ಆಗಿತ್ತು. ಅದರ ಹಿಂದೆ ಅಡಗಿಕೊಂಡ.

ಮಣಿಕಟ್ಟಿನ ಮೂಳೆ ಮುರಿದಿತ್ತು. ಮೊಣಕೈವರೆಗೆ ಬ್ಯಾಂಡೇಜ್ ಹಾಕಿದರು. ಹಿಂದೆ ಲಕ್ವ ಆದವರು, ಒಂದೆರಡು ದಿನ ಇಲ್ಲೇ ಇರಲಿ ಎಂದರು ವೈದ್ಯರು. ಅಪ್ಪನಿಗೆ ಊಟ ಒಯ್ಯಲೆಂದು ಇಬ್ಬರೂ ಮನೆಗೆ ಬಂದಾಗ ಅವಳು, ಹೊರಡುವಾಗ ಮಸಿಯಣ್ಣ ಆರಿಸಿದ್ದ ಕುಕ್ಕರಿನ ಮುಚ್ಚಳ ತೆಗೆದು ಆಲೂಗಡ್ಡೆಗೆ ಚಮಚ ಚುಚ್ಚಿದಳು. ಕಲ್ಲಿನಂತಿತ್ತು. ಮಾಂಸ ಬೂದು ಬಣ್ಣಕ್ಕೆ ತಿರುಗಿ ರಬ್ಬರಿನ ಹಾಗಿತ್ತು.

"ಇದೇನ್ರೀ ಇದು? ಬೆಳಿಗ್ಗೆ ತಾನೆ ಇಟ್ಟಿದ್ದು?"

"ಹೂಂ, ಎಂದಿನ ಹೊತ್ತಿಗೇ."

"ಮತ್ತೆ ಬೆಂದೇ ಇಲ್ವಲ್ಲ?"

"ಕರೆಂಟು ಹೋಗಿ ಬಂದಿರಬೇಕು" ಎಂದ ಅವನು. ತನ್ನ ದನಿ ತನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು.

ಮರುದಿನ ಆಸ್ಪತ್ರೆಯಲ್ಲಿ ಅವಳು ಮಾತಿನ ನಡುವೆ ಅಡುಗೆ ಬೇಯದ ಸಂಗತಿ ತೆಗೆದಳು. ಕರೆಂಟು ಹೋಗಿತ್ತಾ ಅಪ್ಪಾ ಎಂದು ಕೇಳಿದಳು. ಹಾಸಿಗೆಯಲ್ಲಿ ದಿಂಬಿಗೆ ಒರಗಿದ್ದ ಮಾವ ಅಳಿಯನ ಕಡೆ ಒಂದು ಸಲ ನೋಡಿದರು. "ಕರೆಂಟಲ್ಲಮ್ಮಾ, ನಾನೇ. ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಏನೋ ಗುಂಡಿ ಒತ್ತಿ ಆರಿಸಿಬಿಟ್ಟೆ ಅನ್ಸುತ್ತೆ."

ಅವಳ ಭಯ, ಸುಸ್ತು ಎಲ್ಲ ಒಟ್ಟಿಗೆ ಸಿಟ್ಟಾಗಿ ಹೊರಬಂತು. "ಅದನ್ನ ಮುಟ್ಟಬೇಡ ಅಂತ ಎಷ್ಟು ಸಲ ಹೇಳಿದೀನಿ ಅಪ್ಪಾ! ಚಿಕ್ಕ ಮಗು ಥರ ಕಂಡಿದ್ದಕ್ಕೆಲ್ಲ ಕೈ ಹಾಕ್ತೀಯಲ್ಲ! ಈಗ ನೋಡು, ಇದ್ದ ಒಂದು ಕೈಯೂ ಹೋಯ್ತು. ಯಾರಿಗೆ ಕಷ್ಟ ಇದೆಲ್ಲ?"

"ತಪ್ಪಾಯ್ತಮ್ಮಾ" ಎಂದರು ಮಾವ.

ಪಕ್ಕದ ಹಾಸಿಗೆಯ ರೋಗಿ ಮುಖ ಆಚೆ ತಿರುಗಿಸಿಕೊಂಡ. ಮಸಿಯಣ್ಣ ಮಂಚದ ಕಾಲ ಹತ್ತಿರ ನಿಂತಿದ್ದ. ಇವಳು ಇನ್ನೊಂದು ಮಾತು ಬೈದರೆ ಹೇಳಿಬಿಡುತ್ತೇನೆ ಎಂದುಕೊಂಡ. ಅವಳು ಇನ್ನೊಂದು ಬೈದಳು. ಅವನು ಹೇಳಲಿಲ್ಲ.

ಅದೇ ಹೊತ್ತಿಗೆ ಲಂಬು ಹಣ್ಣಿನ ಚೀಲ ಹಿಡಿದುಕೊಂಡು, ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದ. ಇವತ್ತು ಬರಲಾಗುವುದಿಲ್ಲ, ಮಾವ ಬಿದ್ದಿದ್ದಾರೆ ಎಂದು ಮಸಿಯಣ್ಣನೇ ಬೆಳಿಗ್ಗೆ ಫೋನು ಮಾಡಿ ತಿಳಿಸಿದ್ದ. ಲಂಬು ಒಳ್ಳೆಯ ಮನುಷ್ಯ. ಕೇಳಿದವನು ಸುಮ್ಮನಿರದೆ ನೋಡಲು ಬಂದಿದ್ದ.

"ಏನ್ ದೊಡ್ಡೋರೇ, ಹೀಗ್ ಮಾಡ್ಕೊಂಡ್ಬಿಟ್ರಿ?" ಎಂದು ಮಾವನನ್ನು ಮಾತಾಡಿಸಿದ. ಆಮೇಲೆ ಅವಳ ಕಡೆ ತಿರುಗಿ, "ಅಲ್ಲಾ ತಂಗೀ, ಆ ನರ್ಸಮ್ಮ ಆವಾಗ ಎಲ್ಲಿಗೆ ಹೋಗಿದ್ರಂತೆ? ದಿನಪೂರ್ತಿ ನೋಡ್ಕೊಳ್ಳೋಕೆ ಅಂತಾನೇ ಇಟ್ಕೊಂಡಿರೋದು ತಾನೆ? ಇಂಥೋರನ್ನ ಸುಮ್ನೆ ಬಿಡಬಾರದು."

"ಯಾವ ನರ್ಸು?" ಎಂದಳು ಅವಳು.

"ಅದೇ, ಮನೇಲಿ... ಮಸಿ ಹೇಳಿದ್ನಲ್ಲ. ನರ್ಸ್ ಇರೋದಕ್ಕೇ ತಾನೆ ಇವನು ದಿನಾ ನಮ್ಮ ಜೊತೆ ಆಟಕ್ಕೆ..." ಲಂಬುವಿನ ಮಾತು ಅಲ್ಲಿಗೇ ಕಡಿದುಹೋಯಿತು. ಅವನು ಗೆಳೆಯನ ಮುಖ ನೋಡಿದ, ಅವಳ ಮುಖ ನೋಡಿದ. ಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತ.

ಮಾವ ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಮಲಗಿಬಿಟ್ಟರು.

ಅವಳು ಎದ್ದು ಹೊರಗಿನ ಓಣಿಗೆ ನಡೆದಳು. ಮಸಿಯಣ್ಣ ಹಿಂದೆಯೇ ಹೋದ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದ, ಕೂಗಾಡಲಿ ಎಂದೂ ಬಯಸಿದ್ದ. ಅವಳು ಗೋಡೆಗೆ ಒರಗಿ ಸಣ್ಣ ದನಿಯಲ್ಲಿ ಕೇಳಿದಳು.

"ದಿನಾನಾ?"

"ಹೂಂ."

"ಬೆಳಿಗ್ಗೆಯಿಂದ ಸಂಜೆವರೆಗೂ?"

ಅವನು ತಲೆಯಾಡಿಸಿದ. ಗುಂಡಿ ಒತ್ತಲು ಮರೆತದ್ದು, ಮಾವ ಎದ್ದು ಹೋದದ್ದು ಯಾಕೆ, ಎಷ್ಟು ಹೊತ್ತು ಬಿದ್ದಿದ್ದರು ಎಂಬುದೆಲ್ಲ ಆಗ ಒಂದೊಂದಾಗಿ ಹೊರಬಂತು. ಅವಳು ಕೊನೆಯವರೆಗೂ ಕೇಳಿದಳು.

"ನೀವು ಹೋಗ್ತಿದ್ದಿದ್ದು ಹಾಗಿರಲಿ" ಎಂದಳು. "ಈಗ ಒಳಗೆ ಅಪ್ಪನಿಗೆ ನಾನು ಬಾಯಿಗೆ ಬಂದ ಹಾಗೆ ಬೈದೆನಲ್ಲ. ನೀವು ಅಲ್ಲೇ ನಿಂತು ಕೇಳಿಸ್ಕೊಂಡ್ರಿ."



ಮಾವ ಮನೆಗೆ ಬಂದ ಮೇಲೆ ಅವಳು ರಜೆ ಹಾಕಿದಳು. ಅಪ್ಪನ ಕೆಲಸವನ್ನೆಲ್ಲ ತಾನೇ ಮಾಡಿದಳು. ಉಣ್ಣಿಸುವುದು, ಒರೆಸುವುದು, ಬಚ್ಚಲಿಗೆ ಕರೆದೊಯ್ಯುವುದು. ಗಂಡ ಸಹಾಯಕ್ಕೆ ಬಂದರೆ, "ಬೇಡ, ಇರಲಿ" ಎನ್ನುತ್ತಿದ್ದಳು, ಹೊರಗಿನವರಿಗೆ ಹೇಳುವ ಹಾಗೆ. ಅವನು ತನ್ನ ಮನೆಯಲ್ಲೇ ನಂಟನ ಹಾಗೆ ಗೋಡೆಯ ಪಕ್ಕ ನಿಲ್ಲುತ್ತಿದ್ದ. ಪಾತ್ರೆ ತೊಳೆದ, ನೆಲ ಒರೆಸಿದ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದ. ಗ್ಯಾರೇಜಿನ ಕಡೆ ತಲೆಹಾಕಲಿಲ್ಲ. ಲಂಬು ಫೋನು ಮಾಡಿ, "ನನ್ನಿಂದ ಹೀಗಾಯ್ತಲ್ಲೋ" ಎಂದು ಪೇಚಾಡಿದಾಗ, "ನಿನ್ನಿಂದಲ್ಲ ಕಣೋ" ಎಂದಷ್ಟೇ ಹೇಳಿದ.

ರಜೆ ಮುಗಿಯುವ ಹಿಂದಿನ ಸಂಜೆ ಅವಳು ಅವನ ಎದುರು ಬಂದು ಕೂತಳು.

"ನಾಳೆಯಿಂದ ನಾನು ಹೋಗಲೇಬೇಕು. ನಿಮ್ಮನ್ನ ಬಿಟ್ರೆ ಅಪ್ಪನಿಗೆ ಬೇರೆ ಯಾರೂ ಇಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು, ಅಪ್ಪನಿಗೂ ಗೊತ್ತು." ಮೇಜಿನ ಮೇಲಿದ್ದ ಮಾತ್ರೆಗಳನ್ನು ಒಂದು ಕಡೆ ಸರಿಸಿಟ್ಟು ಮತ್ತೆ ಹೇಳಿದಳು. "ನನಗೂ ನಾಚಿಕೆ ಆಗುತ್ತೆ. ಇಷ್ಟು ದಿನ ಮನೆಗೆ ಬಂದು ಅಡುಗೆ ವಾಸನೆ ಬಂದ್ರೆ ಸಾಕು, ಎಲ್ಲ ಸರಿಯಾಗಿದೆ ಅಂದ್ಕೊಂಡುಬಿಡ್ತಿದ್ದೆ. ಒಂದು ದಿನಾನಾದ್ರೂ ಅಪ್ಪನ ಪಕ್ಕ ಕೂತು ಹೇಗಿದ್ದೀಯ ಅಂತ ಕೇಳಲಿಲ್ಲ. ಕೇಳಿದ್ರೆ ಅವನು ಹೇಳಿ ಮುಗಿಸೋವರೆಗೆ ನಿಲ್ಲೋಕೆ ಟೈಮ್ ಎಲ್ಲಿದೆ ಅಂತ."

ಮರುದಿನ ಬೆಳಿಗ್ಗೆ ಅವಳು ಹೊರಡುವಾಗ ತಟ್ಟೆ, ಚಮಚ ಅವನ ಕೈಗೆ ಕೊಟ್ಟಳು. ಬಾಗಿಲು ಹಾಕಿದ ಸದ್ದಾಯಿತು. ಮಾವ ಮತ್ತು ಅಳಿಯ ಇಬ್ಬರೇ ಉಳಿದರು.

ಮಸಿಯಣ್ಣ ಸ್ಟೂಲು ಎಳೆದುಕೊಂಡು ಕೂತು ಗಂಜಿ ತಣಿಸಿ ಚಮಚ ಮುಂದೆ ಹಿಡಿದ. ಮಾವ ಬಾಯಿ ತೆರೆದರು. ಎರಡೂ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು, ಒಂದು ಸೋತು, ಇನ್ನೊಂದು ಬ್ಯಾಂಡೇಜಿನಲ್ಲಿ. ಬಂದರಿನಲ್ಲಿ ಹಡಗಿನ ಸಾಮಾನು ಎತ್ತಿಳಿಸಿದ ಕೈಗಳು. ಗದ್ದದ ಮೇಲೆ ಸುರಿದ ಗಂಜಿಯನ್ನು ಒರೆಸಿಕೊಳ್ಳಲೂ ಆಗದೆ ಅವರು ಕಾಯುತ್ತಿದ್ದರು.

"ಮಾವ, ನನ್ನನ್ನ ಕ್ಷಮಿಸಿ" ಎಂದ ಅವನು. ಹೇಳಿದ ಮೇಲೆ ಮಾತು ಬಹಳ ಚಿಕ್ಕದಾಯಿತು ಎನ್ನಿಸಿತು.

ಮಾವ ನುಂಗಿ ಮುಗಿಸಿದರು. "ಒಬ್ಬನೇ ಇರೋದು ನನಗೇನು ಹೊಸದಲ್ಲ. ಆಯಸ್ಸೆಲ್ಲ ಕ್ರೇನಿನ ಮೇಲೆ ಗಾಜಿನ ಗೂಡಲ್ಲಿ ಒಬ್ಬನೇ ಕೂತು ಕಳೆದವನು. ಕೆಲಸ ಇಲ್ಲದ ಗಂಡಸು ಮನೇಲಿ ಹೇಗೆ ಕೂರ್ತಾನೆ? ಅದೂ ಅರ್ಥ ಆಗುತ್ತೆ ನನಗೆ. ಹೋಗಿ ಬರಲಿ ಅಂತಾನೇ ಸುಮ್ಮನಿದ್ದೆ."

"ಹಾಗಾದ್ರೆ ನಿಮಗೆ ಕೋಪ ಇಲ್ವಾ?"

"ಇದೆ." ಮಾವ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. "ನಾನು ನಿದ್ದೆ ಮಾಡ್ತಿದೀನಾ ಅಂತ ನೋಡಿ, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು, ಬಾಗಿಲು ಮೆತ್ತಗೆ ಎಳ್ಕೋತಿದ್ರಲ್ಲ. ಎಳೆ ಮಗೂನ ಮಲಗಿಸಿ ಹೋಗೋ ಹಾಗೆ. ನಾನು ಎಚ್ಚರವಾಗೇ ಇರ್ತಿದ್ದೆ. 'ಮಾವ, ಹೋಗಿ ಬರ್ತೀನಿ' ಅಂತ ಒಂದು ಮಾತು ಹೇಳಿ ಹೋಗಬಹುದಿತ್ತು. ನಾನು ಬೇಡ ಅಂತಿದ್ನಾ? ನಿಮಗೋಸ್ಕರ ದಿನಾ ನಿದ್ದೆ ಬಂದ ಹಾಗೆ ನಾಟಕ ಆಡಬೇಕಾಯ್ತು ನಾನು, ಈ ವಯಸ್ಸಲ್ಲಿ."

ಮಸಿಯಣ್ಣನ ಕೈಯಲ್ಲಿದ್ದ ಚಮಚ ವಾಲಿತು. ಗಂಜಿ ಮಾವನ ಅಂಗಿಯ ಮೇಲೆ ಚೆಲ್ಲಿತು. ಒರೆಸಲು ಬಗ್ಗಿದವನು ಹಾಗೆಯೇ ಅವರ ಮಂಡಿಯ ಹತ್ತಿರ ತಲೆ ಬಗ್ಗಿಸಿಕೊಂಡು ಉಳಿದ. ಅಳು ಬರಲಿಲ್ಲ. ಕಿವಿ, ಕತ್ತು, ಮುಖ ಎಲ್ಲ ಬೆಂಕಿಯಾಗಿದ್ದವು. ಅವನ ತಲೆ ಸವರೋಣವೆಂದರೆ ಮಾವನಿಗೆ ಕೈಗಳಿರಲಿಲ್ಲ.

"ಏಳಿ, ಆರಿಹೋಗುತ್ತೆ" ಎಂದರು ಅವರು. "ಹಸಿವಾಗ್ತಿದೆ."

ಬ್ಯಾಂಡೇಜ್ ಬಿಚ್ಚಿದ ಮೇಲೂ ಬೆರಳುಗಳು ಪೂರ್ತಿ ಮಡಚಲಿಲ್ಲ. ಚಮಚ ಹಿಡಿಯುತ್ತಿದ್ದರು, ಆದರೆ ಅರ್ಧ ದಾರಿಯಲ್ಲಿ ವಾಲುತ್ತಿತ್ತು. ಮಸಿಯಣ್ಣನಿಗೆ ಒಂದು ಸಣ್ಣ ಅಚ್ಚುಮನೆಯಲ್ಲಿ ಸಂಜೆ ಪಾಳಿಯ ಕೆಲಸ ಸಿಕ್ಕಿತು. ಹೆಂಡತಿ ಡಿಪೋದಲ್ಲಿ ಕೇಳಿಕೊಂಡು ಸ್ವಲ್ಪ ಬೇಗ ಬಿಡುವ ಹಾಗೆ ಮಾಡಿಕೊಂಡಳು. ಈಗ ಇಬ್ಬರಲ್ಲಿ ಒಬ್ಬರು ಯಾವಾಗಲೂ ಮನೆಯಲ್ಲಿರುತ್ತಾರೆ. ಗಂಡನ ಜೊತೆ ಅವಳು ಮೊದಲಿನಂತೆ ಮಾತಾಡುತ್ತಾಳೆ, ಬಹುಮಟ್ಟಿಗೆ.

ಸಂಜೆ ಬಂದವಳು ಹೆಗಲ ಚೀಲ ಇಳಿಸುವ ಮೊದಲೇ ಅಪ್ಪನ ಕುರ್ಚಿಯ ಹತ್ತಿರ ಹೋಗುತ್ತಾಳೆ. "ಇವತ್ತು ಏನೇನು ಮಾಡಿದೆ ಅಪ್ಪಾ?" ಎಂದು ಕೇಳಿ, ಅವರು ತೊದಲಿ ತೊದಲಿ ಹೇಳುವುದು ಮುಗಿಯುವವರೆಗೂ ನಿಂತಿರುತ್ತಾಳೆ. ಕೆಲಸಕ್ಕೆ ಹೊರಟ ಮಸಿಯಣ್ಣ ಅಡುಗೆಮನೆಯಲ್ಲಿ ಅಂಗಿ ಗುಂಡಿ ಹಾಕಿಕೊಳ್ಳುತ್ತಾ ಅದನ್ನು ಕೇಳಿಸಿಕೊಳ್ಳುತ್ತಾನೆ. ಅವರು ಹೇಳುವುದರಲ್ಲಿ ಮುಚ್ಚಿಡಬೇಕಾದದ್ದು ಈಗ ಏನೂ ಇರುವುದಿಲ್ಲ. ಆದರೂ ಅವಳು ಆ ಪ್ರಶ್ನೆ ಕೇಳಿದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತದೆ. ಮಾವ ಮಾತು ಮುಗಿಸುವ ತನಕ ಅವನು ಹೊರಗೆ ಬರುವುದಿಲ್ಲ.